ಇಣಚಿ ಮರಿ ತಗೊಂಡು ಹೋದ್ರೂ ನಗದೇ ಇರೋ ದನದ ಔಷಧಿ ಅಂಗಡಿ, ಗಂಜ್ ಕಡೆ, ರಾಯಚೂರು (4 ಸ್ಟಾರ್)

ರಿವ್ಯೂ ಬರಿಯೋ ಚಟ ನಂಗಿಲ್ಲ, ಹೋಟೆಲ್‌ನಾಗ ಸಾಂಬಾರ್ ಹಳಸಿದ್ರೂ ಸುಮ್ನ ಚಟ್ನಿ ಹಚ್ಕೊಂಡು ತಿಂದು ಎದ್ದು ಬರೋ ಪೈಕಿ, ಆದ್ರ ಮಗಳು ಜುಲೈದಿಂದ "ಅಪ್ಪಾ ಬರ್ದ್ಯಾ, ಅಪ್ಪಾ ಬರ್ದ್ಯಾ" ಅಂತ ತಲಿ ತಿಂದಿಟ್ಟಾಳ, ಇವತ್ತು ಭಾನುವಾರ, ಕರೆಂಟೂ ಅದ, ಬರ್ದು ಮುಗಿಸ್ತೀನಿ.

ಅಂಗಡಿ ನೋಡಿದ್ರ ನೀವು ಒಳಗ ಹೋಗಂಗಿಲ್ಲ ಬಿಡ್ರಿ. ಗಂಜಿನ (ಹತ್ತಿ, ಕಾಳುಕಡಿ ಮಾರೋ ಮಾರ್ಕೆಟ್) ಕಡೆ ಹೋಗೋ ರೋಡಿಗೆ, ಅರ್ಧ ಬೋರ್ಡ್ ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸ್ ಹಿಂದ ಮುಚ್ಕೊಂಡು ಹೋಗ್ಯಾದ. ಮುಂದ ಹಗ್ಗ, ಮೂಗುದಾರ, ಗಂಟಿ ತೂಗಾಕ್ಯಾರ, ಒಳಗ ಕುರಿ ಜಂತಿನ ಔಷಧ, ಎಮ್ಮಿಗೆ ಹಾಕೋ ಮಿನರಲ್ ಮಿಕ್ಸ್ಚರ್ ಚೀಲ, ಉಣ್ಣಿ ಎಣ್ಣಿ, ಕೋಳಿ ಲಸಿಕಿ ಇಡೋ ಒಂದು ಹಳೇ ಫ್ರಿಜ್, ಅದ್ರ ಪಕ್ಕ ಈಗೀಗ ನಾಯಿ ಫುಡ್ಡು, ಬೆಲ್ಟು, ಲವ್ ಬರ್ಡ್ಸ್ ಪಂಜರ. ವಾಸನಿ ಮಾತ್ರ ಹಿಂಡಿ ಮತ್ತ ಫಿನೈಲ್ ಎರಡೂ ಕೂಡಿಸಿದಂಗ. ಬರೋರೆಲ್ಲ ದೇವದುರ್ಗ, ಮಾನ್ವಿ, ಗಿಲ್ಲೇಸುಗೂರು ಕಡಿ ರೈತ್ರು.

ನಾವ್ ಹೋಗಿದ್ದು ಹೆಂಗ ಅಂದ್ರ, ಏಪ್ರಿಲ್‌ನಾಗ ನಮ್ ಓಣ್ಯಾಗ ಕರೆಂಟ್ ತಂತಿಗೆ ತಾಗ್ತಾವ ಅಂತ ಬೇವಿನ ಗಿಡದ ಟೊಂಗಿ ಕಡದ್ರು. ಕಡದವ್ರು ಯಾರು ಅನ್ನೋದು ಬ್ಯಾಡ, ಮ್ಯಾಲ ಏನರ ಗೂಡು ಅದ ಏನು ಅಂತ ಒಮ್ಮಿ ತಲಿ ಎತ್ತಿ ನೋಡಿದ್ರ ಸಾಕಿತ್ತು, ನೋಡ್ಲಿಲ್ಲ. ಟೊಂಗಿ ಜೋಡಿ ಇಣಚಿ ಗೂಡೂ ಬಿತ್ತು. ಇಣಚಿ ಅಂದ್ರ ಅಳಿಲು ರೀ, ಸಾಲ್ಯಾಗ ಅಳಿಲು ಅಂತ ಕಲಿಸ್ತಾರ, ಮನ್ಯಾಗ ನಮ್ಮವ್ವ ಇಣಚಿ ಅಂತಾಳ, ಹಿಂಗಾಗಿ ಮಗಳು ಎರಡೂ ಅಂತಾಳ. ಗೂಡಿನಾಗ ಮೂರು ಮರಿ ಇದ್ವು, ಎರಡು ಬಿದ್ದ ಕೂಡ್ಲೆ ಸತ್ತಿದ್ವು. ತಾಯಿ ಇಣಚಿನ್ನ ಓಣಿ ನಾಯಿ ಬಾಯಾಗ ಹಿಡ್ಕೊಂಡು ಹೋಗಿದ್ದು ಮಗಳೇ ನೋಡ್ಯಾಳ. ಆ ಮಾತು ನಮಗ ಹೇಳಿದ್ದು ನಾಕು ದಿನ ಆದ ಮ್ಯಾಲ. ಅವತ್ತು ಮಾತ್ರ ಏನೂ ಅನ್ನಲಿಲ್ಲ, ಉಳಿದ ಒಂದನ್ನ ಕ್ಯಾಪಿನಾಗ ಹಾಕ್ಕೊಂಡು ಮನಿಗೆ ತಂದ್ಲು, ಸತ್ತ ಎರಡನ್ನ ತುಳಸಿ ಕಟ್ಟಿ ಹತ್ರ ತಾನೇ ಚಮಚದಿಂದ ಕುಣಿ ತೋಡಿ ಮುಚ್ಚಿದ್ಲು. ಮೂರನೇ ಕ್ಲಾಸ್ ಹುಡುಗಿ ಅದು. ಚಮಚ ಹೊಸಾ ಸೆಟ್ಟಿಂದು, ಅದಕ್ಕ ಮನ್ಯಾಕಿ ಕಡಿಂದ ಬೈಸ್ಕೊಂಡಿದ್ದು ನಾನು.

ಅವತ್ತು ರಾತ್ರಿ ನಾವ್ ಮಾಡಿದ್ದೆಲ್ಲ ತಪ್ಪು, ಒಂದೂ ಬಿಡದಂಗ. ನಮ್ಮವ್ವ ಹತ್ತಿ ಬತ್ತಿ ಮಾಡಿ ಆಕಳ ಹಾಲು ಕುಡಿಸಿದ್ಲು, ಪಾಪ ಆಕಿಗೆ ಗೊತ್ತಿರೋದು ಅದೇ. ಬ್ಯಾಸಿಗಿ, ರಾಯಚೂರು ಬಿಸ್ಲು ನಿಮಗ ಗೊತ್ತೇ ಅದ, ರಾತ್ರಿ ಹನ್ನೊಂದಾದ್ರೂ ಗ್ವಾಡಿ ಮುಟ್ಟಿದ್ರ ಸುಡ್ತದ, ಮರಿಗೆ ಸೆಕಿ ಆಗ್ತದ ಅಂತ ಹೇಳಿ ಚಪ್ಪಲಿ ಡಬ್ಬಿನ್ನ ಕೂಲರ್ ಮುಂದ ಇಟ್ಟು ಮಲಗಿದ್ವಿ. ಮುಂಜಾನಿ ನೋಡಿದ್ರ ಮರಿ ತಣ್ಣಗ ಆಗ್ಯಾದ, ಹಿಂದ ಹಳದಿ ಭೇದಿ, ಕೈಯಾಗ ತಗೊಂಡ್ರ ಅಲುಗಾಡವಲ್ದು. ಮಗಳು ಅಳಲಿಲ್ಲ, ಹುಂಡಿ ಒಡದ್ಲು. 73 ರೂಪಾಯಿ ಇತ್ತು. "ದವಾಖಾನಿಗೆ ನಡೀರಿ" ಅಂದ್ಲು.

ದನದ ದವಾಖಾನಿ ಇನ್ನೂ ತೆಗ್ದಿರ್ಲಿಲ್ಲ, ಈ ಅಂಗಡಿ ತೆಗ್ದಿತ್ತು, ಅದಕ್ಕ ಹೋದ್ವಿ, ಅಷ್ಟೇ. ಪ್ಲಾನ್ ಗೀನ್ ಏನಿಲ್ಲ.

ಮೊದಲು ಕೌಂಟರ್‌ನಾಗ ಇದ್ದ ಹುಡುಗ ಡಬ್ಬಿ ನೋಡಿ ನಕ್ಕ. "ಇಣಚಿಗೂ ಔಷಧ ಏನ್ರಿ ಸರ್" ಅಂದು, ಕರಕ್ಕ ಹಾಕೋ ಕ್ಯಾಲ್ಸಿಯಂ ಬಾಟ್ಲಿ ತಗ್ದು ಇಟ್ಟ. ಅದೇ ತಗೊಂಡು ಬಂದಿದ್ರ ಕತಿ ಅಲ್ಲೇ ಮುಗೀತಿತ್ತು. ಅಷ್ಟರಾಗ ಮಾಲಕರು ಒಳಗಿಂದ ಬಂದ್ರು, ಐವತ್ತೈದು ಅರವತ್ತು ವಯಸ್ಸು ಇರಬೇಕು, ಕನ್ನಡಕ ಹಣಿ ಮ್ಯಾಲ. ಮಗಳಿಗೆ ಕೇಳಿದ್ರು, ನಂಗಲ್ಲ:

"ಯಾರದ್ದವಾ ಇದು?"

"ಯಾರದ್ದೂ ಅಲ್ರಿ. ಅದಕ್ಕ ನಾನು ತಂದೀನಿ."

ಅವ್ರು ಕನ್ನಡಕ ಕೆಳಗ ಇಳಿಸಿದ್ರು. ಮುಂದಿಂದೆಲ್ಲ ಆಕಿ ಜೋಡೀನೇ ಮಾತು, ನಾನು ಡ್ರೈವರ್ ಇದ್ದಂಗ ಹಿಂದ ನಿಂತಿದ್ದೆ.

ಅವ್ರ ಮೊದಲ್ನೇ ಪ್ರಶ್ನಿ, ತಾಯಿ ಖಾತ್ರಿ ಸತ್ತಾದ ಏನು ಅಂತ. ಯಾಕಂದ್ರ ಇಂಥಾ ಮರಿ ತರೋರು ಭಾಳ ಮಂದಿ ಅಂತ, ತಾಯಿ ಅಲ್ಲೇ ಕಾಂಪೌಂಡ್ ಮ್ಯಾಲ ಕುಂತು ಚಿಕ್ ಚಿಕ್ ಅಂತ ಬಡ್ಕೊಳ್ತಿರ್ತದ, ಇವ್ರು ದೊಡ್ಡ ಪುಣ್ಯ ಮಾಡಿದಂಗ ಮರಿ ಎತ್ಕೊಂಡು ಬರ್ತಾರ. ತಾಯಿ ಇದ್ರ ಡಬ್ಯಾಗ ಬೆಚ್ಚಗ ಇಟ್ಟು ಗಿಡದ ಬುಡಕ್ಕ ಇಟ್ಟು ದೂರ ನಿಂತ್ರ ಬಾಯಾಗ ಕಚ್ಚಿ ಒಂದೊಂದೇ ಒಯ್ತದ, ಮನುಷ್ಯಾ ಮುಟ್ಟ್ಯಾನ ಅಂತ ಬಿಡಂಗಿಲ್ಲ. ಮಗಳು "ನಾಯಿ ಒಯ್ತ್ರಿ" ಅಂದ್ಲು. ನಾನು ಅದನ್ನ ಆಕಿ ಬಾಯಿಂದ ಕೇಳಿದ್ದು ಅವಾಗ ಅಲ್ಲ, ಗದ್ದಲದಾಗ ನಂಗ ಕೇಳಿಸೇ ಇಲ್ಲ, ಅವ್ರಿಗೆ ಕೇಳಿಸ್ಯಾದ.

ಆಮ್ಯಾಲ ತೂಕ. ಪುಡಿ ತೂಗೋ ಸಣ್ಣ ಡಿಜಿಟಲ್ ತಕ್ಕಡಿ ಮ್ಯಾಲ ಒಂದು ಬಟ್ಟಲ ಇಟ್ಟು ಸೊನ್ನಿ ಮಾಡಿ ಅದ್ರಾಗ ಮರಿ ಇಟ್ರು. 23 ಗ್ರಾಂ. ಪಕ್ಕದಾಗ ಹತ್ತು ಕೆಜಿ ಮಿನರಲ್ ಮಿಕ್ಸ್ಚರ್ ಚೀಲ ಹೆಗಲ ಮ್ಯಾಲ ಇಟ್ಕೊಂಡು ನಿಂತಿದ್ದ ಒಬ್ಬ ಕುರುಬರ ಅಜ್ಜ ಚೀಲ ಇಳಿಸೋದೇ ಮರ್ತು ಬಗ್ಗಿ ನೋಡಾಕತ್ತಿದ್ದ. ಅವಾಗೇ ನಾನೂ ಸರಿಯಾಗಿ ನೋಡಿದ್ದು. ಕಣ್ಣು ಬಿಟ್ಟಿಲ್ಲ, ಕೂದಲ ಇನ್ನೂ ಮಖಮಲ್‌ನಂಗ ಸಣ್ಣಗ ಬರಾಕತ್ಯಾವ, ಆದ್ರ ಬೆನ್ನ ಮ್ಯಾಲ ಮೂರು ಗೆರಿ ಚರ್ಮದಾಗೇ ಕಾಣ್ತಾವ ರೀ, ಯಾರೋ ಪೆನ್ಸಿಲ್‌ಲೆ ಎಳ್ದಂಗ. ಮಗಳು "ರಾಮ ಇದನ್ನ ಯಾವಾಗ ಮುಟ್ಟಿದ?" ಅಂತ ಕೇಳಿದ್ಲು. ಸೇತುವಿ ಕತಿ ಅವ್ವ ಹೇಳ್ಯಾಳ. ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ಅಜ್ಜ ಅಂದ, "ನಮ್ ಕುರ್ಯಾಗ ತಬ್ಬಲಿ ಮರಿ ಆದ್ರ ಬ್ಯಾರೆ ಕುರಿಗೆ ಹಚ್ತೀವಿ, ಸತ್ತ ಮರಿ ವಾಸನಿ ಇದಕ್ಕ ಒರೆಸಿದ್ರ ತನ್ನ ಮರೀನೇ ಅನ್ಕೊಂಡು ಕುಡಿಸ್ತದ." ಮಗಳು ಕೂಡ್ಲೆ ಮಾಲಕರ ಕಡಿ ತಿರುಗಿ ಬ್ಯಾರೆ ಇಣಚಿಗೆ ಹಚ್ರಿ ಹಂಗಾರ ಅಂದ್ಲು. ಅವ್ರು, "ಕುರಿ ನಮ್ ಮಾತು ಕೇಳ್ತಾವವಾ, ಇಣಚಿ ಅವ್ವಗೋಳು ಯಾರ ಮಾತೂ ಕೇಳಂಗಿಲ್ಲ" ಅಂದ್ರು.

ಈಗ ಉಪಯೋಗದ್ದು ಬರೀತೀನಿ, ಯಾರಿಗಾದ್ರೂ ಬೇಕಾದೀತು. ಮೊದಲು ಬೆಚ್ಚಗ ಮಾಡಬೇಕು, ಆಮ್ಯಾಲ ನೀರು, ಆಮ್ಯಾಲ ಹಾಲು. ಈ ಕ್ರಮ ತಪ್ಪಿದ್ರ ತಣ್ಣಗಿರೋ ಹೊಟ್ಟ್ಯಾಗ ಹಾಲು ಜೀರ್ಣ ಆಗದೇ ಅಲ್ಲೇ ಕೆಡ್ತದ. ಕೂಲರ್ ಅಂದ ಕೂಡ್ಲೆ ಅವ್ರು ನನ್ ಮಾರಿ ನೋಡಿದ ನೋಟ ಇನ್ನೂ ನೆನಪದ. ಕೂದಲಿಲ್ಲದ ಮರಿ ತನ್ ಮೈ ತಾನ್ ಕಾಯಿಸ್ಕೊಳ್ಳಂಗಿಲ್ಲ, ತಾಯಿ ಹೊಟ್ಟಿ ಬುಡಕ ಇರಬೇಕಾದ್ದು, ರಾಯಚೂರಾದ್ರೇನು ಎಲ್ಲಿಯಾದ್ರೇನು ಕೂಲರ್ ಗಾಳಿ ಅದಕ್ಕ ಛಳಿ. ಹಂಗಂತ ಮಧ್ಯಾಹ್ನ 41 ಡಿಗ್ರ್ಯಾಗ ಬಿಸಿನೀರ ಬಾಟ್ಲಿ ಇಟ್ರ ಬೆಂದು ಹೋಗ್ತದ, ಡಬ್ಬಿ ಒಂದು ಕಡಿ ಮಾತ್ರ ಬೆಚ್ಚಗ ಇರಬೇಕು, ಬ್ಯಾಡ ಅನಿಸಿದ್ರ ಇನ್ನೊಂದು ಕಡಿ ಸರೀಲಿ ಅಂತ. ಟವೆಲ್ ಹಾಕಬ್ಯಾಡ್ರಿ, ಎಳಿಗೆ ಉಗುರು ಸಿಗತಾವ, ಹಳೇ ಬನಿಯನ್ ಹಾಕ್ರಿ ಅಂದ್ರು. ಆಕಳ ಹಾಲಿನಾಗ ಲ್ಯಾಕ್ಟೋಸ್ ಜಾಸ್ತಿ, ಇಣಚಿ ಹಾಲಿನಾಗ ಇರೋವಷ್ಟು ಕೊಬ್ಬು ಇರಂಗಿಲ್ಲ, ಅದಕ್ಕೇ ಭೇದಿ. ನಾಯಿಮರಿಗೆ ಕೊಡೋ ಹಾಲಿನ ಪುಡಿ ಬರ್ತದಲ್ಲ, ಅದು ಒಂದು ಪಾಲು, ಬೆಚ್ಚನ ನೀರು ಎರಡು ಪಾಲು, ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್‌ಲೆ ಮೂರು ತಾಸಿಗೊಮ್ಮೆ. ಎಷ್ಟು ಅಂದ್ರ ಆ ತೂಕಕ್ಕ ಒಮ್ಮಿಗೆ ಒಂದು ಎಂಎಲ್, ಅದ್ರ ಮ್ಯಾಲ ಪಾಯಿಂಟ್ ಒಂದೋ ಎರಡೋ ಎಂಎಲ್. ಮಕಾಡಿ ಮಲಗಿಸಿ ಇಲ್ಲಾ ಎದ್ದು ನಿಂತಂಗ ಹಿಡದು, ಅಂಗಾತ ಯಾವತ್ತೂ ಬ್ಯಾಡ, ಹಾಲು ಶ್ವಾಸಕ್ಕ ಹೋಗ್ತದ.

ಇನ್ನೊಂದು ಅದ, ಇದನ್ನ ಯಾರೂ ಹೇಳಂಗಿಲ್ಲ. ಹಾಲು ಕುಡಿಸಿದ ಮ್ಯಾಲ ಹಸಿ ಹತ್ತಿಲೆ ಬುಡಕ ಮೆಲ್ಲಗ ಒರೆಸಬೇಕು, ತಾಯಿ ನೆಕ್ಕಿದಂಗ, ಇಲ್ಲಾಂದ್ರ ಮರಿ ತಾನಾಗಿ ಉಚ್ಚಿ ಹೊಯ್ಯಂಗಿಲ್ಲ, ಹೊಟ್ಟಿ ಉಬ್ಬಿ ಸಾಯ್ತದ. ಮಾಲಕರು ಕೌಂಟರ್ ಮ್ಯಾಲೇ ಮಾಡಿ ತೋರಿಸಿದ್ರು. ಹನಿ ಹನಿ ಬಂತು. ಹಿಂದ ನಿಂತ ನಾಕೈದು ಮಂದಿ ರೈತ್ರು, ಅಜ್ಜ, ನಕ್ಕಿದ್ದ ಆ ಹುಡುಗ, ಎಲ್ರೂ ಒಮ್ಮೆಲೇ "ಹೊಯ್ತು ಹೊಯ್ತು" ಅಂದ್ರು, ಮ್ಯಾಚಿನಾಗ ಸಿಕ್ಸ್ ಹೊಡ್ದಂಗ.

ಬಿಲ್ಲು: ಸಿರಿಂಜ್ ಮೂರು, 15 ರೂಪಾಯಿ. ಓಆರ್‌ಎಸ್ ಪಾಕೀಟು 22. ಹಾಲಿನ ಪುಡಿ ಡಬ್ಬಿ ಹೊಸಾದು ಐನೂರರ ಮ್ಯಾಲ ಅದ, "ಇದು ಉಳೀತದೋ ಇಲ್ಲೋ, ಈಗೇ ಡಬ್ಬಿ ಯಾಕ" ಅಂದು ಒಡದ ಡಬ್ಬ್ಯಾಗಿಂದು 50 ಗ್ರಾಂ ಪೊಟ್ಟಣ ಕಟ್ಟಿ ಕೊಟ್ರು. ಮಗಳು ತನ್ 73 ರೂಪಾಯಿ ಚಿಲ್ರಿ ಸುರುವಿದ್ಲು, ಕಡಿಮಿ ಬಿತ್ತು, ನಾನು ಫೋನ್‌ಪೇ ಮಾಡಾಕ ಹೋದ್ರ ಸರ್ವರ್ ಡೌನ್. ಅವ್ರು ಉದ್ರಿ ಪುಸ್ತಕ ತಗ್ದು, ಎಲ್ಲಾ ರೈತ್ರ ಹೆಸರು ಊರು ಇರೋ ಸಾಲಿನಾಗ, "ಇಣಚಿ, 64" ಅಂತ ಬರಕೊಂಡ್ರು. ನನ್ ಹೆಸರು ಕೇಳಲೇ ಇಲ್ಲ.

ಹೊರಗ ಬರೋಕಿಂತ ಮೊದಲು ಗ್ವಾಡಿಗೆ ಅಂಟಿಸಿದ ಚೀಟಿ ತೋರ್ಸಿ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಮಾಡಿಸಿದ್ರು, ಅವ್ರ ಮುಂದೇ. ಸಾಕೋದು ಬ್ಯಾರೆ, ಉಳಿಸೋದು ಬ್ಯಾರೆ, ಕಾಡುಪ್ರಾಣಿ ಮನ್ಯಾಗ ಇಟ್ಕೊಂಡ್ರ 1972ರ ಕಾಯ್ದೆ ಅದ, ಹೇಳಿ ಇಟ್ಕೋರಿ ಅಂತ. ಸಂಜಿಗೆ ಒಬ್ರು ತಿರುಗಿ ಫೋನ್ ಮಾಡಿದ್ರು, ಡಾಕ್ಟ್ರಿಗೆ ತೋರಿಸ್ರಿ, ಸ್ವಂತ ತಿನ್ನಾಕ ಕಲ್ತ ಮ್ಯಾಲ ಅದೇ ಜಾಗಕ್ಕ ಬಿಡ್ರಿ, ಆಗಲಿಲ್ಲಾಂದ್ರ ನಮಗ ತಂದು ಕೊಡ್ರಿ ಅಂದ್ರು. ಬೈತಾರ ಅಂತ ಹೆದರಿದ್ದೆ, ಬೈಲಿಲ್ಲ.

ಮನ್ಯಾಗಿಂದು ಎಲ್ಲ ಬರ್ಯಾಕ ಹೋದ್ರ ರಿವ್ಯೂ ಆಗಂಗಿಲ್ಲ. ಆದ್ರೂ ಒಂದೆರಡು. ರಾತ್ರಿ ಎರಡರ ಪಾಳಿ ನಂದೇ ಅಂತ ಮಗಳು ಹಟ ಹಿಡದು ಅಲಾರಂ ಇಟ್ಲು, ಅಲಾರಂ ಹೊಡ್ದಾಗ ಇಡೀ ಮನಿ ಎದ್ದ್ವಿ, ಆಕಿ ಒಬ್ಬಾಕಿ ಬಿಟ್ಟು. ಡಬ್ಬಿ ಪಕ್ಕ ನೆಲದ ಮ್ಯಾಲ ಮಲಗಿದ್ಲು, ಕೈಯಾಗ ಸಿರಿಂಜ್. ನಾನೇ ಕುಡಿಸಿದೆ. ಮುಂಗಾಲಿನ ಬೆರಳು, ಭತ್ತದ ಹೊಟ್ಟಿನಷ್ಟೂ ಇಲ್ಲ, ಅವುಗಳಿಂದ ಸಿರಿಂಜ್ ತುದಿ ಗಟ್ಟಿ ಹಿಡ್ಕೊಂಡು ಎಳೀತಿತ್ತು, ಕಿವಿ ಹತ್ರ ತಂದ್ರ ಚುಪ್ ಚುಪ್ ಅನ್ನೋ ಸದ್ದು ಕೇಳ್ತಿತ್ತು. ಮುಂಜಾನಿ ಮಗಳಿಗೆ ಎರಡರ ಪಾಳಿ ನೀನೇ ಮಾಡೀದಿ ಅಂತ ಸುಳ್ಳು ಹೇಳಿದೆ, ನಿದ್ದಿಗಣ್ಣಾಗ ನೆನಪಿಲ್ಲ ನಿಂಗ ಅಂತ. ನಂಬಿದ್ಲು. ಒಂಬತ್ತನೇ ದಿನ ಒಂದು ಕಣ್ಣು ಬಿಡ್ತು, ಇನ್ನೊಂದು ಮರುದಿನ. ಕಣ್ಣು ಬಿಟ್ಟಾಗ ಎದುರಿಗೆ ಇದ್ದಾಕಿ ಅಜ್ಜಿ. ನನ್ನ ಮೊದಲು ನೋಡಬೇಕಿತ್ತು ಅಂತ ಮಗಳು ಅಜ್ಜಿ ಜೋಡಿ ಒಂದಿನ ಪೂರ್ತಿ ಮಾತು ಬಿಟ್ಟಿದ್ಲು.

ಮಧ್ಯ ಒಂದು ದಿನ ಗಾಬರಿ ಆಯ್ತು. ಮಗಳು ಜೋರಾಗಿ ಒತ್ತಿದ್ಲೋ ಅದೇ ಜೋರಾಗಿ ಎಳೀತೋ, ಮೂಗಿನಿಂದ ಹಾಲಿನ ಗುಳ್ಳಿ ಬಂತು, ಸೀನಾಕತ್ತಿತು. ಬಿಸಿಲಾಗ ಗಾಡಿ ಮ್ಯಾಲ ಓಡಿದ್ವಿ, ಎರಡೂಕಾಲು ಆಗಿತ್ತು, ಶಟರ್ ಮುಚ್ಚಿತ್ತು. ಮಗಳು ಎರಡೂ ಕೈಲೆ ಶಟರ್ ಬಡದ್ಲು ನೋಡ್ರಿ, ಪಕ್ಕದ ಬೀಜದ ಅಂಗಡಿಯವ್ರೂ ಹೊರಗ ಬಂದ್ರು. ಮಾಲಕರ ಮನಿ ಮ್ಯಾಲೇ ಅದ, ಲುಂಗಿ ಮ್ಯಾಲ ಇಳದು ಬಂದ್ರು, ಊಟದ ಕೈ, ತೊಳದಿದ್ರು ಆದ್ರ ಒರೆಸಿರ್ಲಿಲ್ಲ. ಮರಿ ತಲಿ ಕೆಳಗ ಮಾಡಿ ಮೂಗು ಒರೆಸಿದ್ರು, ಸ್ವಲ್ಪ ಹೊತ್ತು ಹಂಗೇ ಹಿಡದು ಕಿವಿ ಹತ್ರ ಇಟ್ಕೊಂಡು ಕೇಳಿದ್ರು. ಉಸಿರಾಡೋವಾಗ ಟಿಕ್ ಟಿಕ್ ಸದ್ದು ಬಂದ್ರ ನ್ಯುಮೋನಿಯಾ, ನನ್ ಕೈಯಾಗ ಇಲ್ಲ, ಡಾಕ್ಟ್ರ ಹತ್ರ ಹೋಗ್ರಿ ಅಂದ್ರು. ತಾನೇ ಒಂದು ಆಂಟಿಬಯೋಟಿಕ್ ಕೊಟ್ಟು ದುಡ್ಡು ತಗೋಬಹುದಿತ್ತು, ಎಷ್ಟೋ ಕಡಿ ಮನುಷ್ಯಾರ ಮೆಡಿಕಲ್‌ನಾಗೇ ಕೊಡ್ತಾರ. ಕೊಡಲಿಲ್ಲ. ಡಾಕ್ಟ್ರೂ ನೋಡಿ ಸದ್ದಿಲ್ಲ, ಎರಡು ದಿನ ಗಮನ ಇಡ್ರಿ ಅಂದ್ರು, ಏನೂ ಆಗಲಿಲ್ಲ.

ಪಂಜರದ ವಿಷಯಕ್ಕ ಮಾತ್ರ ನಂಗೂ ಅವ್ರಿಗೂ ಸ್ವಲ್ಪ ಜಗಳಾನೇ ಆಯ್ತು. ಮೇ ಕೊನಿಗೆ ಮರಿ ಮನಿ ತುಂಬ ಓಡಾಕತ್ತಿತು, ಪರದಿ ಹತ್ತಿ ಫ್ಯಾನ್ ತನಕ ಹೋಗ್ತಿತ್ತು, ಹೆದರಿ ಫ್ಯಾನ್ ಬಂದ್ ಮಾಡಿ ಮೇ ತಿಂಗಳಾಗ ಕುಂದ್ರಬೇಕು ನಾವು. ಅಂಗಡ್ಯಾಗ ತೂಗ್ಹಾಕಿದ ಲವ್ ಬರ್ಡ್ಸ್ ಪಂಜರ 850ಕ್ಕ ಕೇಳಿದೆ. ಯಾತಕ್ಕ ಅಂದ್ರು, ಇಣಚಿಗೆ ಅಂದೆ. ಕೊಡಲ್ಲ ಅಂದ್ರು. ರೊಕ್ಕ ಕೊಡ್ತೀನ್ರೀ ಅಂದೆ. "ಲವ್ ಬರ್ಡ್ಸ್ ಹೊರದೇಶದ್ದು, ಹೊರಗ ಬಿಟ್ರ ಬದುಕಂಗಿಲ್ಲ, ಅದಕ್ಕ ಪಂಜರ. ಇದು ನಿಮ್ ಓಣಿದು" ಅಂದ್ರು. ಗಿರಾಕಿ ಮುಂದ ಹಿಂಗ ಮಾತಾಡೋದು ವ್ಯಾಪಾರಸ್ಥರ ಲಕ್ಷಣ ಅಲ್ಲ ಅಂತ ಅವತ್ತು ಅನಿಸಿತ್ತು, ಸಿಟ್ಟೂ ಬಂದಿತ್ತು. ಒಳಗ ಹೋಗಿ ಕೋಳಿಮರಿ ತರೋ ಪ್ಲಾಸ್ಟಿಕ್ ಕ್ರೇಟ್ ಒಂದು ತಂದು, ಇದಕ್ಕ ಜಾಳಿಗಿ ಕಟ್ಟಿ ಗಿಡದ ನೆರಳಾಗ ಇಡ್ರಿ, ಒಳಗ ಬೇವಿನ ಟೊಂಗಿ ಹಾಕ್ರಿ, ಹೊರಗಿನ ಸದ್ದು ಕೇಳಲಿ, ತಿಂಗಳಾದ ಮ್ಯಾಲ ಕ್ರೇಟ್ ವಾಪಸ್ ಕೊಡ್ರಿ ಅಂದ್ರು. ಬಾಡಿಗಿ ಇಲ್ಲ.

ಹಾಲು ಕಡಿಮಿ ಮಾಡ್ತಾ ನೆನೆಸಿದ ಶೇಂಗಾ, ಸವತಿಕಾಯಿ, ಪ್ಯಾರಲ ಹಣ್ಣಿನ ಚೂರು. ಬಿಸ್ಕೀಟ್ ಬ್ಯಾಡ ಅಂದಿದ್ರು, ನಮ್ಮವ್ವ ಕದ್ದು ಕೊಡ್ತಿದ್ಲು. ಜುಲೈ ಮೊದಲ್ನೇ ವಾರ, ಎರಡು ಮಳಿ ಆಗಿತ್ತು, ಕಡದ ಬೇವಿಗೆ ಹೊಸಾ ಚಿಗುರು ಮೊಳ ಉದ್ದ ಬಂದಿತ್ತು. ಪ್ಲೈವುಡ್ ಡಬ್ಬಿ ಮಾಡ್ಸಿ ಕಾಂಡಕ್ಕ ಕಟ್ಟಿದೆ, ಕ್ರೇಟ್ ಬಾಗಿಲ ತೆಗ್ದ್ವಿ. ಅರ್ಧ ತಾಸು ಹೊರಗೇ ಬರಲಿಲ್ಲ. ಬಂತು, ಮ್ಯಾಲ ಹೋತು, ಮ್ಯಾಲಿದ್ದ ಹಳೇ ಇಣಚಿ ಒಂದು ಬೆನ್ನತ್ತಿ ಕೆಳಗ ಅಟ್ಟಿಸ್ಕೊಂಡು ಬಂತು. ಅವಾಗ ಅತ್ತಳು ರೀ ನಮ್ ಹುಡುಗಿ, ಮೂರು ತಿಂಗಳದ್ದೆಲ್ಲ ಕೂಡಿಸಿ. ನಾಯಿ ಒಯ್ದಾಗ ಅತ್ತಿಲ್ಲ, ಮುಚ್ಚಿದಾಗ ಅತ್ತಿಲ್ಲ. "ಅದನ್ನ ಯಾರೂ ತಮ್ಮದು ಅನ್ನವಲ್ರು" ಅಂತ. ನಾನು ಏನ್ ಹೇಳಬೇಕು, ಕ್ರೇಟಿಗೆ ಹಾಕಿ ಒಳಗ ತರೋಣ ಅಂತ ನನ್ ಬಾಯಿಗೂ ಬಂದಿತ್ತು. ತರಲಿಲ್ಲ. ಒಂದು ವಾರ ರಾತ್ರಿ ಪ್ಲೈವುಡ್ ಡಬ್ಯಾಗ ಮಲಗ್ತಿತ್ತು, ಸಂಜಿಗೆ ಕಾಂಪೌಂಡ್ ಮ್ಯಾಲ ಶೇಂಗಾಕ್ಕ ಬರ್ತಿತ್ತು, ಆಮ್ಯಾಲ ಎರಡು ದಿನಕ್ಕೊಮ್ಮೆ. ಈಗ ಓಣ್ಯಾಗ ಐದಾರು ಇಣಚಿ ಅವ, ಯಾವುದು ನಮ್ದು ಅಂತ ನಂಗಂತೂ ಗೊತ್ತಾಗಂಗಿಲ್ಲ. ಮಗಳು ತನಗ ಗೊತ್ತು ಅಂತಾಳ, ದಿನಕ್ಕೊಂದು ತೋರಸ್ತಾಳ.

ಕ್ರೇಟ್ ವಾಪಸ್ ಕೊಡಾಕ ಹೋದಾಗ ಮಗಳು ಉಳಿದ ಹಾಲಿನ ಪುಡಿನೂ ತಗೊಂಡು ಬಂದಿದ್ಲು, ಮಧ್ಯ ನಾವ್ ಪೂರ್ತಿ ಡಬ್ಬಿ ತಗೊಂಡಿದ್ವಿ, ಅರ್ಧ ಉಳಿದಿತ್ತು. ಒಡದ ಡಬ್ಬಿ ವಾಪಸ್ ತಗೊಳ್ಳಲ್ಲ ಅಂದ್ರು. ರೊಕ್ಕ ಬ್ಯಾಡ್ರಿ, ಬ್ಯಾರೆ ಯಾರರ ಬಂದ್ರ ಕೊಡ್ರಿ ಅಂದ್ಲು. ಅವ್ರು ತಾರೀಖು ನೋಡಿ, ಮಾರ್ಕರ್ ಪೆನ್‌ಲೆ ಮುಚ್ಚಳದ ಮ್ಯಾಲ "ಇಣಚಿ" ಅಂತ ಬರ್ದು ಕೋಳಿ ಲಸಿಕಿ ಫ್ರಿಜ್‌ನಾಗ ಇಟ್ರು. ಉದ್ರಿ ಪುಸ್ತಕದಾಗಿನ 64 ಅವತ್ತೇ ಕೊಟ್ಟೆ, ಗೆರಿ ಹೊಡದ್ರು.

ಒಂದು ಸ್ಟಾರ್ ಯಾಕ ಕಟ್ ಮಾಡೀನಿ ಅಂದ್ರ, ಬಿಡಿ ಪುಡಿ ಕೊಡೋವಾಗ ಪೊಟ್ಟಣದ ಮ್ಯಾಲ ಎಕ್ಸ್‌ಪೈರಿ ಬರ್ದು ಕೊಡಬೇಕು, ಕೊಡಲಿಲ್ಲ, ಕೇಳಿದ ಮ್ಯಾಲ ಬಾಯಿಲೆ ಹೇಳಿದ್ರು. ಕೌಂಟರ್ ಹುಡುಗನ್ನ ಒಬ್ಬವನ್ನೇ ಬಿಟ್ಟು ಒಳಗ ಹೋಗಬಾರ್ದು. ಬಿಲ್ಲೂ ಕೇಳಿದ್ರ ಮಾತ್ರ ಕೊಡ್ತಾರ. ಮಗಳು ಐದು ಕೊಡು ಅಂತ ಪಕ್ಕದಾಗ ಕುಂತು ಫೋನ್ ಕಸ್ಕೊಳ್ಳಾಕ ನೋಡಾಕತ್ಯಾಳ, ನಾಕೇ.

ಪಾರ್ಕಿಂಗ್ ಇಲ್ಲ, ಹತ್ತಿ ಸೀಸನ್‌ನಾಗ ಗಂಜ್ ರೋಡಿಗೆ ಲಾರಿ ನಿಂತಿರ್ತಾವ, ಗಾಡಿ ಮ್ಯಾಲೇ ಹೋಗ್ರಿ. ಮಧ್ಯಾಹ್ನ 2ರಿಂದ 4 ಶಟರ್ ಮುಚ್ಚಿರ್ತದ. ಬಡದ್ರ ಇಳದು ಬರ್ತಾರ, ಆದ್ರ ಕೈಯಾಗ ಮರಿ ಇದ್ರ ಮಾತ್ರ ಬಡೀರಿ, ಉಣ್ಣಿ ಎಣ್ಣಿಗೆಲ್ಲ ಬಡೀಬ್ಯಾಡ್ರಿ, ಉಣ್ಣೋ ಟೈಮ್ ಅದು.